ಬೆಟ್ಟ ಹತ್ತುವ ಗಾಡಿ

2022ರ ನವೆಂಬರಿನಲ್ಲಿ ಅಮ್ಮ ತೀರ್ಥಹಳ್ಳಿಯಿಂದ ಮೊದಲ ಬಾರಿಗೆ ಮಸ್ಕತ್ತಿಗೆ ಬಂದಾಗ, ಜಬಲ್ ಅಖ್ದರ್ ತೋರಿಸುತ್ತೇವೆಂದು ಹುರುಪಿನಿಂದ ಹೊರಟಿದ್ದೆವು. ನಿಜ್ವಾ ಹೆದ್ದಾರಿಯಿಂದ ಬಿರ್ಕತ್ ಅಲ್ ಮೌಜ್ ಕಡೆಗೆ ತಿರುಗಿ ಬೆಟ್ಟದ ಬುಡದ ಪೊಲೀಸ್ ತಪಾಸಣೆಯ ಸ್ಥಳವನ್ನು ತಲುಪಿದಾಗ, ಅಲ್ಲಿದ್ದ ತರುಣ ನಮ್ಮ ಸೆಡಾನನ್ನು ನೋಡಿ ನಸುನಕ್ಕು ಬೆರಳಿನಿಂದ ಗಾಳಿಯಲ್ಲಿ ಅರ್ಧವೃತ್ತವನ್ನು ಬರೆದ. ಹಿಂದಿರುಗಿ ಎಂದರ್ಥ. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ದೊರೆಯುವ ಗಾಡಿಗಳನ್ನು ಮಾತ್ರ ಮೇಲೆ ಬಿಡುತ್ತಾರೆಂಬುದನ್ನು ನಾವು ಕೇಳಿರಲಿಲ್ಲವೆಂದಲ್ಲ. ರಸ್ತೆಗೆ ಅಷ್ಟು ಚೆನ್ನಾಗಿ ಡಾಂಬರು ಹಾಕಿದ್ದಾರೆ, ಯಾರು ತಡೆದಾರು ಎಂಬ ಉಡಾಫೆ ನಮ್ಮದು.

ಅಮ್ಮನಿಗೆ ಅಂದು ಊರಿನ ಖರ್ಜೂರದ ತೋಟವನ್ನೂ, ಯುನೆಸ್ಕೋ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಫಲಜ್ ಅಲ್ ಖತ್ಮೈನ್ ಕಾಲುವೆಯನ್ನೂ ತೋರಿಸಿ ಸಮಾಧಾನಪಡಿಸಿದೆವು. ಅವರು ಹರಿಯುವ ನೀರಿಗೆ ಕೈಯದ್ದಿ, ತಲೆಯೆತ್ತಿ ಬೆಟ್ಟವನ್ನು ನೋಡಿ, "ಆಗುಂಬೆ ಘಾಟಿಯನ್ನು ಬಸ್ಸಿನಲ್ಲಿ ಎಷ್ಟು ಸಲ ಹತ್ತಿ ಇಳಿದಿಲ್ಲ ನಾನು? ಈ ಬೋಳು ಗುಡ್ಡಕ್ಕೆ ಇಷ್ಟು ಬಿಂಕವೇ?" ಎಂದರು. ಮೇಲೆ ಗುಲಾಬಿಯ ತೋಟಗಳಿವೆಯೆಂದು ಬಾಯಿ ತಪ್ಪಿ ಹೇಳಿದ್ದು ನಮ್ಮದೇ ತಪ್ಪು. ಊರಿಗೆ ಮರಳಿದ ಮೇಲೆ ಪ್ರತಿ ಭಾನುವಾರದ ಫೋನಿನಲ್ಲೂ ಆ ಗುಲಾಬಿ ಒಮ್ಮೆಯಾದರೂ ಅರಳುತ್ತಿತ್ತು.

ಒಂದು ದಿನದ ಆಸೆಗಾದರೆ ಚಾಲಕನ ಸಮೇತ ಬಾಡಿಗೆ ಗಾಡಿ ಅಲ್ಲಿಯೇ ದೊರೆಯುತ್ತದೆ. ಈ ಬರಹವನ್ನು ಓದುವವರಲ್ಲಿ ಹಲವರಿಗೆ ಅದೇ ಸಾಕು, ಅದೇ ಜಾಣತನ. ನಮ್ಮ ಸೆಡಾನಿಗೆ ಹನ್ನೆರಡು ವರ್ಷವಾಗಿತ್ತು, ಹೇಗಿದ್ದರೂ ಬದಲಿಸಲೇಬೇಕಿತ್ತು. ಆದ್ದರಿಂದ 2024ರ ಫೆಬ್ರವರಿಯಲ್ಲಿ, ಅಮ್ಮ ಎರಡನೆಯ ಬಾರಿ ಬರುವ ದಿನ ನಿಶ್ಚಯವಾದೊಡನೆ, ಹಳೆಯದಾದರೂ ಬೆಟ್ಟ ಹತ್ತಬಲ್ಲ ಗಾಡಿಯೊಂದನ್ನು ಹುಡುಕಲಾರಂಭಿಸಿದೆವು.

ಹುಡುಕಾಟ ಮೊದಲ ದಿನವೇ ಮುಗಿಯಿತೆಂದುಕೊಂಡೆವು. ನಮ್ಮ ನಡುವಿನ ಹಿರಿಯರೊಬ್ಬರು, ಇಪ್ಪತ್ತೆರಡು ವರ್ಷ ಇಲ್ಲಿ ದುಡಿದು ಊರಿಗೆ ಮರಳಲು ಸಿದ್ಧರಾಗಿದ್ದವರು, ತಮ್ಮ ಎತ್ತರದ ಬಿಳಿಯ ಕ್ರಾಸ್‌ಓವರನ್ನು ಮಾರುವವರಿದ್ದರು. ನಮ್ಮ ಮಗುವಿನ ನಾಮಕರಣಕ್ಕೆ ಅಡುಗೆಯ ಪಾತ್ರೆಗಳನ್ನು ಅದೇ ಗಾಡಿಯಲ್ಲಿ ತಂದುಕೊಟ್ಟವರು ಅವರು. "ಫೋರ್ ವೀಲ್ ಗಾಡಿ, ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ" ಎಂದರು. ಬೆಲೆಯನ್ನೂ ನಾವು ಕೇಳುವ ಮೊದಲೇ ಇನ್ನೂರು ರಿಯಾಲ್ ಇಳಿಸಿದರು. ಇಂಥವರ ಮುಂದೆ, ಮೆಕ್ಯಾನಿಕ್ಕಿಗೆ ತೋರಿಸಿ ಬರುತ್ತೇವೆ ಎನ್ನುವುದು ಹೇಗೆ? ಹೊರದೇಶದಲ್ಲಿ ನಮ್ಮವರೆಂದು ಇರುವವರೇ ಬೆರಳೆಣಿಕೆಯಷ್ಟು ಜನ. ಅವರಲ್ಲಿ ಒಬ್ಬರ ಮಾತನ್ನು ಜಾಕ್ ಹಾಕಿ ಎತ್ತಿ ನೋಡುವುದೆಂದರೆ ಎರಡು ರಾತ್ರಿ ನಮಗೆ ಸರಿಯಾಗಿ ನಿದ್ರೆ ಬರಲಿಲ್ಲ. ಕೊನೆಗೆ, ಆಯಿಲ್ ಬದಲಿಸುವ ನೆಪ ಹೇಳಿ, ಅವರನ್ನೂ ಕರೆದುಕೊಂಡೇ ವಾದಿ ಕಬೀರಿನ ಗ್ಯಾರೇಜಿಗೆ ಹೋದೆವು. ಆ ಸುಳ್ಳು ನಮಗೆ ಇಂದಿಗೂ ಹಿತವೆನಿಸುವುದಿಲ್ಲ.

ಗ್ಯಾರೇಜಿನ ಮೆಕ್ಯಾನಿಕ್ ಮಂಜೇಶ್ವರದ ಕಡೆಯವನು. ಗಾಡಿಯ ಅಡಿಗೆ ಸರಿದು ಟಾರ್ಚ್ ಹಿಡಿದವನು ಅರ್ಧ ನಿಮಿಷದೊಳಗೆ ಹೊರಗೆ ಬಂದ. "ಇದಕ್ಕೆ ಹಿಂದೆ ಶಾಫ್ಟೇ ಇಲ್ಲ ಅಣ್ಣಾ. ಮುಂದಿನ ಎರಡು ಚಕ್ರ ಮಾತ್ರ ಎಳೆಯುವುದು."

ಮುಂಭಾಗದ ಎಂಜಿನ್ನಿನಿಂದ ಹಿಂದಿನ ಚಕ್ರಗಳಿಗೆ ಬಲವನ್ನೊಯ್ಯುವ ಉದ್ದನೆಯ ಶಾಫ್ಟು, ಅದರ ತುದಿಯಲ್ಲಿ ಡಿಫರೆನ್ಷಿಯಲ್ಲಿನ ಕಬ್ಬಿಣದ ಗಡ್ಡೆ, ಇವೆರಡೂ ಇಲ್ಲದ ಕ್ರಾಸ್‌ಓವರ್ ಎಷ್ಟೇ ಎತ್ತರವಿದ್ದರೂ ಕಾರೇ ಸರಿ. ಒಂದೇ ಹೆಸರಿನ, ಒಂದೇ ಮೈಕಟ್ಟಿನ ಗಾಡಿ ಎರಡು ಬಗೆಯಲ್ಲಿಯೂ ಮಾರಾಟವಾಗುತ್ತದೆ. ರಾವ್4 ಹಾಗೆ ಬಂದಿದೆ, ಡಸ್ಟರ್ ಹಾಗೆ ಬಂದಿದೆ. ಹಿಂಬದಿಗೆ ಅಂಟಿಸಿದ ಅಕ್ಷರಗಳನ್ನು ಯಾರು ಬೇಕಾದರೂ ಕೊಂಡು ಅಂಟಿಸಬಹುದು. ಆದ್ದರಿಂದ ಮಂಡಿಯೂರಿ ಅಡಿಯಲ್ಲಿ ನೋಡುವುದೇ ದಾರಿ. ಅದಕ್ಕೆ ದುಡ್ಡೂ ಬೇಡ, ಮೆಕ್ಯಾನಿಕ್ಕೂ ಬೇಡ.

ಹಿರಿಯರು ಒಂದು ಮಾತನ್ನೂ ಆಡದೆ, ಇಸ್ತ್ರಿ ಮಾಡಿದ ಅಂಗಿಯಲ್ಲಿಯೇ ನೆಲಕ್ಕೆ ಕೈಯೂರಿ ಬಗ್ಗಿ ನೋಡಿದರು. ಎದ್ದು ನಿಂತಾಗ ಅವರ ಮುಖವನ್ನು ನೋಡಲು ನಮಗಾಗಲಿಲ್ಲ. ಅವರು ನಮಗೆ ಸುಳ್ಳು ಹೇಳಿರಲಿಲ್ಲ. ಏಳು ವರ್ಷದ ಹಿಂದೆ ಅವರಿಗೆ ಮಾರಿದವನು ಹೇಳಿದ್ದನ್ನು ನಂಬಿದ್ದರು, ಅಷ್ಟೇ. ಮನೆ, ಕಚೇರಿ, ದಾರ್ಸೈತಿನ ದೇವಸ್ಥಾನ, ವಿಮಾನ ನಿಲ್ದಾಣ ಇವಿಷ್ಟರ ನಡುವೆ ಓಡಾಡಿದ ಗಾಡಿಗೆ ಹಿಂದಿನ ಚಕ್ರಗಳ ಸತ್ವಪರೀಕ್ಷೆ ಎಂದೂ ಆಗಿರಲಿಲ್ಲ. "ಹಾಗಾದರೆ ನಾನು ಬೆಟ್ಟಕ್ಕೆ ಹೋಗಿದ್ದರೂ ಬಿಡುತ್ತಿರಲಿಲ್ಲ" ಎಂದು ಮೆಲ್ಲಗೆ ಅಂದರು. ಆಗಲೇ ನಮಗೆ ಹೊಳೆದದ್ದು: ಇಪ್ಪತ್ತೆರಡು ವರ್ಷದಲ್ಲಿ ಅವರು ಒಮ್ಮೆಯೂ ಹೋಗಿರಲಿಲ್ಲ.

ಎರಡನೆಯದು ಜಾಲತಾಣದ ಜಾಹೀರಾತಿನಲ್ಲಿ ಕಂಡ ಗಾಡಿ. ನಿಜವಾದ ಆಲ್ ವೀಲ್ ಡ್ರೈವ್, ಬೆಲೆ ಅನುಮಾನ ಬರುವಷ್ಟು ಕಡಿಮೆ. ಮೀಟರಿನಲ್ಲಿ ಕಿಲೋಮೀಟರಿನ ಬದಲು ಮೈಲಿ ಇದ್ದುದರಿಂದ ಅಮೆರಿಕದಿಂದ ಬಂದದ್ದೆಂದು ತಿಳಿಯಿತು. ಅಲ್ಲಿಂದ ಬರುವ ಹಳೆಯ ಗಾಡಿಗಳಲ್ಲಿ ಅಪಘಾತಕ್ಕೊಳಗಾಗಿ ಹರಾಜಾದವು ಬಹಳ; ಜೊತೆಗೆ ಕೊಲ್ಲಿಯ ಬಿಸಿಲಿಗೆಂದೇ ಸಿದ್ಧವಾದ ಗಾಡಿಗಳಿಗೆ ಕೊಡುವ ಹೆಚ್ಚಿನ ತಂಪುಗಾರಿಕೆ ಇವುಗಳಲ್ಲಿ ಇರದಿರಬಹುದು. ಅದಿರಲಿ ಎಂದು ಮುಂದುವರಿದೆವು. ಮಂಜೇಶ್ವರದ ತಮ್ಮ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ತೋರಿಸಿದ: ತುದಿಯಲ್ಲಿ ಕಂದು ಬಣ್ಣದ ನೀರಿನ ಗೆರೆ. ಸ್ಟೆಪ್ನಿಯ ಗುಂಡಿಯಲ್ಲಿ ಒಣಗಿದ ನುಣ್ಣನೆಯ ಕೆಸರು. ಸೀಟಿನ ಅಡಿಯ ಕಂಬಿಗಳಿಗೆ ತುಕ್ಕು. 2021ರ ಅಕ್ಟೋಬರಿನಲ್ಲಿ ಶಾಹೀನ್ ಚಂಡಮಾರುತ ಬಾತಿನಾ ಕರಾವಳಿಯನ್ನು ಮುಳುಗಿಸಿದ್ದು ನೆನಪಿದೆಯಲ್ಲ? ಈ ಗಾಡಿ ಕುಡಿದದ್ದು ಬಾತಿನಾದ ನೀರೋ ಅಮೆರಿಕದ ನೀರೋ, ನಾವು ವಿಚಾರಿಸಲು ಹೋಗಲಿಲ್ಲ.

ಮಾರ್ಚಿನ ಕೊನೆಯಲ್ಲಿ ಸಿಕ್ಕಿದ್ದು ಸಮಾಯಿಲಿನ ಒಬ್ಬ ಒಮಾನಿ ಶಾಲಾ ಶಿಕ್ಷಕರ 2012ರ ಪಜೆರೋ. ಬಣ್ಣ ಮಾಸಿತ್ತು, ಡ್ಯಾಶ್‌ಬೋರ್ಡ್ ಬಿಸಿಲಿಗೆ ಬಿರಿದಿತ್ತು. ಆದರೆ ಟೈರುಗಳು ನಾಲ್ಕೂ ಒಂದೇ ತಯಾರಿಕೆಯವು, ಸವೆತವೂ ಒಂದೇ ಸಮ. ನಾಲ್ಕು ಚಕ್ರಗಳನ್ನು ಒಟ್ಟಿಗೆ ಓಡಿಸುವ ಗಾಡಿಯಲ್ಲಿ ಇದು ಅಂದಚೆಂದದ ಮಾತಲ್ಲ. ಒಂದು ಹೊಸದು ಮೂರು ಹಳೆಯದಾದರೆ ಚಕ್ರಗಳ ಸುತ್ತಳತೆ ಬೇರೆಯಾಗಿ, ಆ ಎಳೆದಾಟವೆಲ್ಲ ಅಡಿಯ ಗೇರುಗಳ ಮೇಲೆ ಬೀಳುತ್ತದೆ. ಟೈರಿನ ಬದಿಯ ನಾಲ್ಕು ಅಂಕಿಗಳನ್ನೂ ಓದಿದೆವು. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಈ ಸೆಕೆಯಲ್ಲಿ ಗೆರೆ ಚೆನ್ನಾಗಿದ್ದರೂ ಹಳೆಯ ರಬ್ಬರನ್ನು ನಂಬುವಂತಿಲ್ಲ. ತಮ್ಮ ಹಿಂದಿನ ಡಿಫರೆನ್ಷಿಯಲ್ಲಿನ ಆಯಿಲನ್ನು ಬೆರಳಿಗೆ ತಾಗಿಸಿ ನೋಡಿದ. ವಾದಿಯ ನೀರು ಒಳಹೊಕ್ಕಿದ್ದರೆ ಅದು ಹಾಲು ಬೆರೆಸಿದ ಕಾಫಿಯಂತೆ ಕಾಣುತ್ತದಂತೆ. ಇದು ಶುದ್ಧ ಕಷಾಯದಂತಿತ್ತು. ಖಾಲಿ ಮೈದಾನದಲ್ಲಿ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ, ಮಾಮೂಲು ಫೋರ್ ವೀಲ್‌ನಲ್ಲಿ ನಿಧಾನವಾಗಿ ಸುತ್ತು ಹಾಕಿದೆವು, ಎಳೆತವಿಲ್ಲ, ಸದ್ದಿಲ್ಲ. ಲೋ ಗೇರಿನ ಸನ್ನೆ ಮೊದಲು ಸ್ವಲ್ಪ ಮೊಂಡು ಹಿಡಿದು ಆಮೇಲೆ ಬಿತ್ತು. 2,800 ರಿಯಾಲಿಗೆ ಒಪ್ಪಂದವಾಯಿತು. ಮುಲ್ಕಿಯಾ ನಮ್ಮ ಹೆಸರಿಗಾದ ದಿನ ಶಿಕ್ಷಕರು ಒಂದು ಡಬ್ಬಿ ಖರ್ಜೂರವನ್ನು ಸೀಟಿನ ಮೇಲಿಟ್ಟು ಹೋದರು. 2024ರ ಆ ದಿನಗಳಲ್ಲಿ ಪೆಟ್ರೋಲು ಲೀಟರಿಗೆ 239 ಬೈಸಾ ಇತ್ತು, ಅಷ್ಟೇ ಇರುವವರೆಗೆ ಇದರ ಹಸಿವನ್ನು ತಡೆದುಕೊಳ್ಳಬಹುದು, ಮುಂದಿನದು ದೇವರಿಗೆ ಬಿಟ್ಟದ್ದು ಎಂದುಕೊಂಡೆವು.

ಅಮ್ಮ ಏಪ್ರಿಲ್ ಮೊದಲ ವಾರ ಬಂದರು. ಈದ್ ರಜೆಯ ಗದ್ದಲ ಮುಗಿಯಲಿ, ಮುಂದಿನ ವಾರಾಂತ್ಯಕ್ಕೆ ಹೊರಡೋಣ ಎಂದುಕೊಂಡಿದ್ದೆವು. 14ರ ಭಾನುವಾರ ಮಳೆ ಸುರಿಯಿತು. ಅಂದು ಮುದೈಬಿಯ ಸಮದ್ ಅಶ್ಶಾನ್ ಬಳಿ ವಾದಿಯ ಪ್ರವಾಹ ಶಾಲಾ ಮಕ್ಕಳಿದ್ದ ವಾಹನವನ್ನು ಒಯ್ದ ಸುದ್ದಿಯನ್ನು ನಾವೆಲ್ಲರೂ ಓದಿದೆವು. ನಮ್ಮ ಮಕ್ಕಳ ವಯಸ್ಸಿನವರು. ಹೊಸದಾಗಿ ಕೊಂಡ ಎತ್ತರದ ಗಾಡಿ ಕೆಳಗೆ ನಿಂತಿತ್ತು. ಇನ್ನು ಮುಂದೆ ಸಣ್ಣಪುಟ್ಟ ನೀರಿಗೆ ಅಂಜಬೇಕಾಗಿಲ್ಲ ಎಂದು ಅದನ್ನು ತಂದ ದಿನ ನಾವೇ ಆಡಿದ ಮಾತು ನೆನಪಾಗಿ ನಾಚಿಕೆಯಾಯಿತು. ಚಕ್ರದ ಅರ್ಧದಷ್ಟು ನೀರು ರಭಸದಿಂದ ಹರಿಯತೊಡಗಿದರೆ ಪಜೆರೋ ಆದರೂ ಅಷ್ಟೇ, ತೆಪ್ಪವಾದರೂ ಅಷ್ಟೇ. ತುಂಗೆಯ ದಡದಲ್ಲಿ ಬೆಳೆದ ಅಮ್ಮನಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. "ಗುಲಾಬಿ ಎಲ್ಲಿಗೂ ಓಡಿಹೋಗುವುದಿಲ್ಲ, ಮಳೆ ಪೂರ್ತಿ ನಿಲ್ಲಲಿ" ಎಂದರು.

ಹೊರಟದ್ದು 26ರ ಶುಕ್ರವಾರ. ಹಿರಿಯರಿಗೂ ಅವರ ಶ್ರೀಮತಿಯವರಿಗೂ ಹಿಂದಿನ ರಾತ್ರಿಯೇ ಫೋನು ಮಾಡಿದ್ದೆವು. ಅವರ ವಿಮಾನಕ್ಕೆ ಇನ್ನು ಒಂಬತ್ತು ದಿನವಿತ್ತು. ಬರುವುದಿಲ್ಲವೆಂದು ಎರಡು ಸಲ ಹೇಳಿ, ಬೆಳಗ್ಗೆ ಐದೂವರೆಗೆ ಚಿತ್ರಾನ್ನದ ಡಬ್ಬಿಯೊಡನೆ ಕೆಳಗೆ ನಿಂತಿದ್ದರು. ಅವರ ಗಾಡಿ ಆ ವೇಳೆಗೆ ಸೊಹಾರಿನ ಒಬ್ಬರಿಗೆ ಮಾರಾಟವಾಗಿತ್ತು. ಎರಡೇ ಚಕ್ರ ಎಳೆಯುತ್ತದೆಂದು ತಾವೇ ಮೊದಲು ಹೇಳಿ ಮಾರಿದರಂತೆ. ನಮಗೆ ಹೇಳಿದ್ದಕ್ಕಿಂತ ನೂರೈವತ್ತು ರಿಯಾಲ್ ಕಡಿಮೆಗೆ.

ತಪಾಸಣೆಯ ಸ್ಥಳದಲ್ಲಿ ಪೊಲೀಸರು ಮುಲ್ಕಿಯಾ ನೋಡಿ, ಗಾಡಿಯ ಸುತ್ತ ಒಮ್ಮೆ ಕಣ್ಣಾಡಿಸಿ, ಹೋಗಿ ಎಂದು ಕೈ ಬೀಸಿದರು. ಮುಂದಿನ ಸೀಟಿನಲ್ಲಿದ್ದ ಹಿರಿಯರು ಅವರಿಗೆ ಎರಡು ಬಾರಿ ಶುಕ್ರನ್ ಹೇಳಿದರು. ಸುಮಾರು 2,000 ಮೀಟರ್ ಎತ್ತರದ ಸೈಕ್ ಪ್ರಸ್ಥಭೂಮಿಯಲ್ಲಿ ಗಾಡಿಯ ಎಸಿ ಆರಿಸಿ ಕಿಟಕಿಗಳನ್ನು ಇಳಿಸಿದೆವು. ಅಲ್ ಅಖ್ರ್ ಹಳ್ಳಿಯ ಮೆಟ್ಟಿಲು ತೋಟಗಳಲ್ಲಿ ಹೂಗಳು ಮುಗಿಯುತ್ತ ಬಂದಿದ್ದವು. ಆದರೂ ಒಂದು ಮನೆಯ ಮಣ್ಣಿನ ಒಲೆಯಲ್ಲಿ ದಳಗಳು ಬೇಯುತ್ತಿದ್ದವು. ಅಲ್ಲಿ ತೆಗೆಯುವ ಪನ್ನೀರು ಅಂಗಡಿಯದರಂತೆ ತಿಳಿಯಾಗಿರುವುದಿಲ್ಲ, ಹೊಗೆಯ ಬಣ್ಣ, ಹೊಗೆಯ ವಾಸನೆ. ಅಮ್ಮ ಅಂಗೈಗೆ ಹಾಕಿಸಿಕೊಂಡು ಮೂಸಿ, "ಬಚ್ಚಲ ಒಲೆಯ ಹತ್ತಿರ ಗುಲಾಬಿ ಮುಡಿದುಕೊಂಡು ನಿಂತ ಹಾಗಿದೆ" ಎಂದು ಎರಡು ಬಾಟಲಿ ಕೊಂಡರು.

ಕಷ್ಟವಿದ್ದದ್ದು ಇಳಿಯುವಾಗಲೇ. ಬರಿಯ ಬ್ರೇಕನ್ನು ನಂಬಿ ಇಳಿದರೆ ಅದು ಕಾದು ಕೈಕೊಡುತ್ತದೆ. ಬ್ರೇಕು ತಪ್ಪಿದ ಗಾಡಿಗಳು ನುಗ್ಗಿ ನಿಲ್ಲಲೆಂದೇ ರಸ್ತೆಯ ಬದಿಯಲ್ಲಿ ಅಲ್ಲಲ್ಲಿ ಏರುದಾರಿಗಳನ್ನು ಮಾಡಿಟ್ಟಿದ್ದಾರೆ. ಗಾಡಿಯನ್ನು ನಿಲ್ಲಿಸಿ ಲೋ ಗೇರಿಗೆ ಹಾಕಿದೆವು. ಎಂಜಿನ್ ಗುರುಗುಟ್ಟುತ್ತ ತಾನೇ ತನ್ನನ್ನು ಹಿಡಿದುಕೊಂಡು ಇಳಿಯತೊಡಗಿತು. ಹಿರಿಯರು ಬಗ್ಗಿ ಆ ಸಣ್ಣ ಸನ್ನೆಯನ್ನು ನೋಡಿ, "ಇದೇನೋ ಅದು?" ಎಂದು ಕೇಳಿದರು. ಇದೇ ಎಂದೆವು. ಹಿಂದಿನ ಸೀಟಿನಲ್ಲಿ ಬಾಟಲಿಗಳನ್ನು ಮಡಿಲಲ್ಲಿಟ್ಟುಕೊಂಡಿದ್ದ ಅಮ್ಮ, ಪ್ರತಿ ತಿರುವಿಗೂ ಆಗುಂಬೆಯ ಲೆಕ್ಕದಲ್ಲಿ ಒಂದು, ಎರಡು ಎಂದು ಎಣಿಸುತ್ತಿದ್ದರು. ಹದಿನೇಳರವರೆಗೆ ನಮಗೆ ಕೇಳಿಸಿತು. ಆಮೇಲೆ ನಿದ್ದೆ ಹೋದರು.