ಚಿಲಿಕಾದ ನೀರಿನಲ್ಲಿ ಹಾಜರಿ ಪುಸ್ತಕ

ಚೆನ್ನೈಯಿಂದ ಹೌರಾ ಕಡೆಗೆ ಹೋಗುವ ರೈಲಿನಲ್ಲಿ ಒಡಿಶಾದ ಗಂಜಾಂ ಜಿಲ್ಲೆಯನ್ನು ಹಾಯುವಾಗ ಬಲಗಡೆಯ ಕಿಟಕಿಯ ಪಕ್ಕ ಕುಳಿತಿರಬೇಕು. ರಂಭಾ ನಿಲ್ದಾಣದ ಹತ್ತಿರ ಗುಡ್ಡಗಳ ನಡುವಿನಿಂದ ನೀರು ಇಣುಕುತ್ತದೆ. ಬಾಲುಗಾಂವ್‌ವರೆಗೂ ಅದು ಆಗಾಗ ಜೊತೆಗೂಡುತ್ತದೆ. ಮೊದಲ ಸಲ ಕಂಡವರು ಸಮುದ್ರವೆಂದೇ ಭಾವಿಸುತ್ತಾರೆ. ಅದು ಚಿಲಿಕಾ ಸರೋವರ. ಮಳೆಗಾಲದಲ್ಲಿ ಅದರ ಹರವು 1,100 ಚದರ ಕಿಲೋಮೀಟರಿಗೂ ಮಿಕ್ಕಿರುತ್ತದೆ.

ಮಹಾನದಿಯ ಕವಲುಗಳಾದ ದಯಾ, ಭಾರ್ಗವಿ ನದಿಗಳು ಇದಕ್ಕೆ ಸಿಹಿನೀರು ತರುತ್ತವೆ. ಅಳಿವೆಯ ಮೂಲಕ ಬಂಗಾಳ ಕೊಲ್ಲಿಯ ಉಪ್ಪುನೀರು ಒಳಬರುತ್ತದೆ. ಈ ಎರಡರ ಹದದಲ್ಲಿಯೇ ಇಲ್ಲಿನ ಬದುಕು. ಚಳಿಗಾಲದಲ್ಲಿ ನಲಬಣ ದ್ವೀಪದಲ್ಲಿ ವಲಸೆ ಹಕ್ಕಿಗಳ ಸಂತೆ. ಸಾತಪಡಾದಲ್ಲಿ ದೋಣಿ ಹತ್ತಿದರೆ, ಅದೃಷ್ಟವಿದ್ದವರಿಗೆ ಐರಾವತಿ ಡಾಲ್ಫಿನ್ ಬೆನ್ನು ತೋರಿಸುತ್ತದೆ.

ಈ ಹದ ಒಮ್ಮೆ ಕೆಟ್ಟಿತ್ತು. ಅಳಿವೆಯಲ್ಲಿ ಹೂಳು ತುಂಬಿ, ಉಪ್ಪಿನಂಶ ಇಳಿದು, ಕಳೆ ಹಬ್ಬಿ, ಮೀನು ಸಿಗದೆ ಬೆಸ್ತರು ಕಂಗಾಲಾದರು. 2000ದ ಸೆಪ್ಟೆಂಬರಿನಲ್ಲಿ ಸಮುದ್ರಕ್ಕೆ ಹೊಸ ಬಾಯಿ ತೆರೆಯಲಾಯಿತು. ಮೀನು ಮತ್ತೆ ಬಲೆಗೆ ಬಿತ್ತು.

ಆದರೆ ಇಷ್ಟು ದೊಡ್ಡ ನೀರಿನಲ್ಲಿ ಯಾರು ಇದ್ದಾರೆ, ಯಾರು ಹೋದರು ಎಂದು ಲೆಕ್ಕವಿಡುವುದು ಹೇಗೆ? ಡಾಲ್ಫಿನನ್ನು ಕಣ್ಣಿನಿಂದ ಎಣಿಸಬಹುದು. ಮೀನಿನ ಮರಿ, ಏಡಿ, ಹುಳು, ಪಾಚಿಗಳನ್ನು?

ಉತ್ತರ ನೀರಿನಲ್ಲೇ ಇದೆ. ಜಲಚರಗಳು ಲೋಳೆ, ಹುರುಪೆ, ಮಲಗಳ ಮೂಲಕ ತಮ್ಮ ಡಿ.ಎನ್.ಎ. ತುಣುಕುಗಳನ್ನು ನೀರಿಗೆ ಬಿಡುತ್ತಲೇ ಇರುತ್ತವೆ. ಇದೇ ಪರಿಸರ ಡಿ.ಎನ್.ಎ. ನೀರನ್ನು ಸೋಸಿ, ಆ ತುಣುಕುಗಳನ್ನು ಬೇರ್ಪಡಿಸಿ, ಅವುಗಳ ಅಕ್ಷರಮಾಲೆಯನ್ನು ಯಂತ್ರದಲ್ಲಿ ಓದಿ, ಗೊತ್ತಿರುವ ಜೀವಿಗಳ ಮಾಲೆಯೊಡನೆ ಹೋಲಿಸುತ್ತಾರೆ. ಯಾವ ಮೀನನ್ನೂ ಹಿಡಿಯಬೇಕಿಲ್ಲ, ಕೊಲ್ಲಬೇಕಿಲ್ಲ. ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ವಿಜ್ಞಾನಿಗಳು ಚಿಲಿಕಾದ ನೀರನ್ನು ಹೀಗೆ ಪರೀಕ್ಷಿಸಿ, ಸೂಕ್ಷ್ಮಜೀವಿಗಳಿಂದ ಪ್ರಾಣಿಗಳವರೆಗೆ ಸಾವಿರಕ್ಕೂ ಹೆಚ್ಚು ಜೀವಿ ಕುಟುಂಬಗಳ ಗುರುತು ಹಿಡಿದರು. ಈ ಅಧ್ಯಯನ 2023ರಲ್ಲಿ ಪ್ರಕಟವಾಯಿತು.

ಇದು ಶಾಲೆಯ ಹಾಜರಿ ತೆಗೆದುಕೊಂಡಂತೆ. ಹೆಸರು ಕರೆದಾಗ ಉತ್ತರ ಬಾರದಿದ್ದರೆ ಹುಡುಗ ಗೈರುಹಾಜರಾಗಿರಬಹುದು. ಇಲ್ಲವೇ ಹಿಂದಿನ ಬೆಂಚಿನಲ್ಲಿ ಕೂತವನ ದನಿ ಕೇಳಿಸದೆ ಹೋಗಿರಬಹುದು. ಹಾಗೆಯೇ, ಡಿ.ಎನ್.ಎ. ಸಿಗಲಿಲ್ಲವೆಂದರೆ ಜೀವಿ ಇಲ್ಲವೆಂದು ತೀರ್ಮಾನಿಸುವಂತಿಲ್ಲ. ಸಿಕ್ಕಿದರೂ ಎಷ್ಟಿವೆ, ಎಷ್ಟು ವಯಸ್ಸಿನವು ಎಂಬುದು ತಿಳಿಯದು. ನದಿ ಮೇಲಿನಿಂದ ಹೊತ್ತು ತಂದ ತುಣುಕೂ ಇರಬಹುದು. ಒಂದು ಅನುಕೂಲವೂ ಉಂಟು: ಬಿಸಿಲು, ಶಾಖ, ಬ್ಯಾಕ್ಟೀರಿಯಾಗಳಿಂದ ಈ ತುಣುಕುಗಳು ಕೆಲವೇ ದಿನ ಅಥವಾ ವಾರಗಳಲ್ಲಿ ಶಿಥಿಲವಾಗುತ್ತವೆ. ಆದ್ದರಿಂದ ನೀರು ಹೇಳುವುದು ಬಹುಮಟ್ಟಿಗೆ ಇತ್ತೀಚಿನ ಸುದ್ದಿ.

ಹಾಜರಿ ಪುಸ್ತಕದ ಬೆಲೆ ಒಂದು ದಿನದ ಪುಟದಲ್ಲಿಲ್ಲ, ವರ್ಷವಿಡೀ ತುಂಬಿದ ಪುಟಗಳಲ್ಲಿದೆ. ಅದೇ ಜಾಗದಲ್ಲಿ, ಅದೇ ಋತುವಿನಲ್ಲಿ ಮತ್ತೆ ಮತ್ತೆ ನೀರು ಎತ್ತಿ ನೋಡಿದರೆ, ಬಲೆ ಬರಿದಾಗುವುದಕ್ಕೆ ಮುಂಚೆಯೇ ಯಾವ ಹೆಸರು ಮೌನವಾಗುತ್ತಿದೆ ಎಂದು ತಿಳಿಯಬಹುದು. ಕಳೆದ ಸಲ ಚಿಲಿಕಾದ ಬೆಸ್ತರಿಗೆ ಆ ಸುದ್ದಿ ತಲುಪಿದ್ದು ಖಾಲಿ ಬಲೆಯ ಮೂಲಕ.