ಎಲುಬಿಗೆ ಅಂಟಿದ ಕಲ್ಲು

ನಮ್ಮ ಕಡೆ ಗುಡ್ಡೆ ಕಡಿದರೆ ಸಿಗುವುದು ಮುರಕಲ್ಲು, ಅದರಡಿ ಜೇಡಿ, ಇನ್ನೂ ಕೆಳಗೆ ಕರಿಕಲ್ಲು. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವಾಗ ರಸ್ತೆ ಬದಿಯ ಬರೆಗಳನ್ನು ನೋಡುತ್ತಾ ಕೂರುವುದು ನನಗೆ ಇಷ್ಟ. ಎಲುಬು ಮಾತ್ರ ಆ ಬರೆಗಳಲ್ಲಿ ಕಾಣುವಂತಿಲ್ಲ. ಬೆಳ್ತಂಗಡಿಯ ಗಡಾಯಿಕಲ್ಲಿನಂಥ ಬಂಡೆಗಳು ಹುಟ್ಟಿದಾಗ ಲೋಕದಲ್ಲಿ ಎಲುಬಿರುವ ಜೀವಿಯೇ ಇರಲಿಲ್ಲ. ಮುರಕಲ್ಲು ಬಹಳ ಈಚಿನದು, ಆದರೆ ಅದು ಮಳೆ ತೊಳೆದು ತೊಳೆದು ಉಳಿಸಿದ ಕಬ್ಬಿಣದ ಕಲ್ಲು. ಹುಳಿಯಾದ ಮಳೆನೀರು ಸುಣ್ಣವನ್ನೆಲ್ಲ ಕರಗಿಸಿ ಒಯ್ಯುತ್ತದೆ. ಎಲುಬೂ ಆ ದಾರಿಯಲ್ಲೇ ಹೋಗುತ್ತದೆ.

ಹಾಗಾಗಿ ಮೂಡುಬಿದಿರೆ ಬಳಿಯ ಮೂಡುಕೊಣಾಜೆಯ ಸುದ್ದಿಯನ್ನು ಎರಡೆರಡು ಸಲ ಓದಿದೆ. ಅಲ್ಲಿನ ಗುಡ್ಡೆಯ ಇಳಿಜಾರಿನ ಬೃಹತ್ ಶಿಲಾ ಸಮಾಧಿಗಳಲ್ಲಿ ಪುರಾತತ್ತ್ವ ಸಂಶೋಧಕ ಪ್ರೊ. ಟಿ. ಮುರುಗೇಶಿಯವರಿಗೆ ಸುಟ್ಟ ಮಣ್ಣಿನ ಗೂಳಿ, ನವಿಲು, ಕುದುರೆ, ಮಾತೃದೇವತೆಯ ಗೊಂಬೆಗಳು ಸಿಕ್ಕಿದ್ದವು. ಜೊತೆಗೆ ಕಬ್ಬಿಣದ ತುಂಡುಗಳು, ಎಲುಬಿನ ಚೂರುಗಳು. ಅವರು ಹೇಳುವ ಕಾಲ ಕ್ರಿ.ಪೂ. 800–700. ಗೊಂಬೆಗಳ ಚಂದಕ್ಕೆ ಎಲ್ಲರೂ ಮರುಳಾದರು, ನಾನೂ ಆದೆ. ಆದರೆ ಮನಸ್ಸು ಹೋಗಿ ನಿಂತದ್ದು ಎಲುಬಿನ ಚೂರುಗಳಿಗೆ ಮೆತ್ತಿಕೊಂಡಿರಬಹುದಾದ ಮಣ್ಣಿನಲ್ಲಿ. ಇಷ್ಟು ಮಳೆ ಬೀಳುವ ನೆಲದಲ್ಲಿ ಎಲುಬು ಹೇಗೆ ಉಳಿಯಿತು ಎಂಬುದನ್ನು ಹೇಳಬಲ್ಲದ್ದು ಆ ಮಣ್ಣೇ. ಅದನ್ನು ಯಾರೂ ನಲ್ಲಿಯ ಕೆಳಗೆ ಹಿಡಿಯದಿರಲಿ ಎಂದು ಹಾರೈಸಿದೆ.

ಮೂಡುಬಿದಿರೆಯಲ್ಲೇ ಭೂವಿಜ್ಞಾನ ಕಲಿಸಿ ನಿವೃತ್ತರಾದ ಗೆಳೆಯರೊಬ್ಬರಿದ್ದಾರೆ. ಅವರ ಮೇಜಿನ ಮೇಲೆ ಘಟಪ್ರಭೆಯ ಕಡೆಯಿಂದ ಹಳೆಯ ವಿದ್ಯಾರ್ಥಿಯೊಬ್ಬ ತಂದ ಮುಷ್ಟಿಗಾತ್ರದ ಗಟ್ಟಿಯೊಂದಿದೆ. ಮರಳು, ಹರಳು, ಸುಣ್ಣ ಸೇರಿ ಬಿಗಿದ ಕಲ್ಲು. ಅದರ ಒಂದು ಬದಿಯಿಂದ ದನದ ಜಾತಿಯ ಪ್ರಾಣಿಯ ದವಡೆಹಲ್ಲು ಅರ್ಧ ಹೊರಗೆ ಇಣುಕುತ್ತದೆ. ಭೂತಗನ್ನಡಿ ಹಿಡಿದರೆ ಹಲ್ಲಿನ ಹೊಳಪುಪದರದ ಮಡಿಕೆಗಳು ಅರ್ಧಚಂದ್ರಾಕಾರವಾಗಿ ಕಾಣುತ್ತವೆ, ಅಂಚಿನಲ್ಲಿ ಜೇನುಬಣ್ಣ, ನಡುವೆ ಕಪ್ಪು. ಉಳಿದರ್ಧ ಕಲ್ಲಿನೊಳಗೆ. ‘ಬಿಡಿಸಿಬಿಡಲಾ?’ ಎಂದು ಅವರು ಕೇಳಿದರು.

ಘಟಪ್ರಭೆಯ ಆ ಸೀಮೆಗೆ ಇಂಥ ಪಳೆಯುಳಿಕೆ ಹೊಸತಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಗೋಕಾಕದ ಹತ್ತಿರ ಘೇಂಡಾಮೃಗದ ಪಳೆಯುಳಿಕೆಯನ್ನು ಕಂಡು, 1874ರಲ್ಲಿ ಅದಕ್ಕೆ ರೈನೋಸರಸ್ ಡೆಕ್ಕನೆನ್ಸಿಸ್ ಎಂದು ಹೆಸರಿಟ್ಟು ಪ್ರಕಟಿಸಿದ. ಬೆಳಗಾವಿ ಜಿಲ್ಲೆಯಲ್ಲಿ ಘೇಂಡಾಮೃಗ ಮೇಯುತ್ತಿತ್ತು ಎನ್ನುವುದೇ ನನಗೆ ಇವತ್ತಿಗೂ ರೋಮಾಂಚನ.

ಇಂಥದ್ದನ್ನು ಕಲ್ಲಿನಿಂದ ಬಿಡಿಸುವ ದಾರಿಗಳು ಎರಡು. ಸೂಜಿ, ದಂತವೈದ್ಯರ ಕೊಕ್ಕೆ, ಗಾಳಿಯ ಒತ್ತಡದಲ್ಲಿ ಕುಟ್ಟುವ ಪೆನ್ನಿನಂಥ ಉಳಿ ಹಿಡಿದು ಕಣಕಣವಾಗಿ ಕೆರೆಯುವುದು ಒಂದು. ಸುಣ್ಣದಿಂದ ಬಿಗಿದ ಕಲ್ಲಾದರೆ ತೆಳು ಅಸೆಟಿಕ್ ಆಮ್ಲದಲ್ಲಿ ಮುಳುಗಿಸಿಡುವುದು ಇನ್ನೊಂದು. ಆಮ್ಲ ಕಲ್ಲಿನ ಸುಣ್ಣವನ್ನು ಮೊದಲು ತಿನ್ನುತ್ತದೆ, ಎಲುಬಿನ ಫಾಸ್ಫೇಟನ್ನು ನಿಧಾನಕ್ಕೆ. ಅಪಾಯ ಇರುವುದು ಬಿರುಕುಗಳಲ್ಲಿ. ಎಷ್ಟೋ ಎಲುಬುಗಳನ್ನು ಹಿಡಿದಿಟ್ಟಿರುವುದೇ ಬಿರುಕಿನೊಳಗೆ ಹೊಕ್ಕ ಸುಣ್ಣ. ಅದು ಕರಗಿದರೆ ಎಲುಬು ಪುಡಿಯಾಗಿ ಕೈಗೆ ಬರುತ್ತದೆ. ಆಗಾಗ ತೆಗೆದು ತೊಳೆದು, ಒಣಗಿಸಿ, ಅಸಿಟೋನಿನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಅಂಟು ಕುಡಿಸುತ್ತಾ ಹೋಗಬೇಕು. ತಾಳ್ಮೆ ಇಲ್ಲದವರು ಕೈ ಹಾಕುವ ಕೆಲಸವಲ್ಲ.

ಗೆಳೆಯರಿಗೆ ತಾಳ್ಮೆ ಬೇಕಾದಷ್ಟಿದೆ. ಆದರೂ ನಾನು ಬೇಡವೆಂದೆ. ಹಿತ್ತಾಳೆ ದೀಪವನ್ನು ಹುಣಸೆಹುಳಿ ಹಾಕಿ ತಿಕ್ಕುವಂತೆ ಪಳೆಯುಳಿಕೆಯನ್ನು ಚೊಕ್ಕಟ ಮಾಡುವ ಆಸೆ ನಮ್ಮಲ್ಲಿ ಬಲವಾಗಿದೆ. ಸುತ್ತಲಿನ ಕಲ್ಲು ಕೊಳೆ ಎಂಬ ಭಾವನೆಯೇ ಇದಕ್ಕೆ ಮೂಲ. ಆದರೆ ಎಲುಬು ಹೇಳದ್ದನ್ನು ಆ ಕಲ್ಲು ಹೇಳುವುದುಂಟು. ಗುಜರಾತಿನ ಧೋಲಿ ಡುಂಗ್ರಿಯಲ್ಲಿ 1984ರಲ್ಲಿ ಭೂವಿಜ್ಞಾನಿ ಧನಂಜಯ ಮೊಹಬೆ ಅವರಿಗೆ ಡೈನೋಸಾರ್ ಮೊಟ್ಟೆಗಳ ಜೊತೆ ಎಳೆಯ ಎಲುಬುಗಳಿದ್ದ ಕಲ್ಲು ಸಿಕ್ಕಿತು. ಎಲ್ಲವೂ ಮರಿಯದೇ ಎಂದುಕೊಂಡರು. 2001ರಲ್ಲಿ ಪಳೆಯುಳಿಕೆ ತಜ್ಞ ಜೆಫ್ರಿ ವಿಲ್ಸನ್ ಅದೇ ಕಲ್ಲನ್ನು ನೋಡುವಾಗ ಕೆಲವು ಬೆನ್ನುಮೂಳೆಗಳು ಹಾವಿನದೆಂದು ಹೊಳೆಯಿತು. ಮೊಟ್ಟೆಯೊಂದನ್ನು ಸುತ್ತಿಕೊಂಡ ಮೂರೂವರೆ ಮೀಟರ್ ಉದ್ದದ ಹಾವು, ಪಕ್ಕದಲ್ಲೇ ಆಗಷ್ಟೇ ಹೊರಬಂದ ಮರಿ, ಸುಮಾರು 6.7 ಕೋಟಿ ವರ್ಷ ಹಿಂದಿನ ಒಂದು ಗಳಿಗೆ. 2010ರಲ್ಲಿ ಅದು ಸನಜೆ ಇಂಡಿಕಸ್ ಎಂಬ ಹೆಸರಿನಲ್ಲಿ ಪ್ರಕಟವಾಯಿತು. 1984ರಲ್ಲೇ ಯಾರಾದರೂ ಉತ್ಸಾಹದಿಂದ ಎಲುಬುಗಳನ್ನೆಲ್ಲ ಕಳಚಿ ಹತ್ತಿಯ ಮೇಲೆ ಸಾಲಾಗಿ ಇಟ್ಟಿದ್ದರೆ ಎಲುಬುಗಳು ಉಳಿಯುತ್ತಿದ್ದವು, ಆ ಸುತ್ತು ಉಳಿಯುತ್ತಿರಲಿಲ್ಲ. ನಾಗಬನಕ್ಕೆ ಕೈಮುಗಿದು ಬೆಳೆದ ನನಗೆ ಆ ಹಾವಿನ ಚಿತ್ರ ನೋಡಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ದಕ್ಷಿಣ ಆಫ್ರಿಕಾದ ಸ್ಟರ್ಕ್‌ಫಾಂಟೈನ್ ಗುಹೆಯ ‘ಲಿಟಲ್ ಫುಟ್’ ಎಂಬ ಮಾನವಪೂರ್ವಜರ ಅಸ್ಥಿಪಂಜರವನ್ನು ರಾನ್ ಕ್ಲಾರ್ಕ್ ತಂಡಕ್ಕೆ ಕಾಂಕ್ರೀಟಿನಷ್ಟು ಗಟ್ಟಿಯಾದ ಕಲ್ಲಿನಿಂದ ಬಿಡಿಸಿ ಜನರ ಮುಂದಿಡಲು ಇಪ್ಪತ್ತು ವರ್ಷ ಹಿಡಿಯಿತು. ಅದರ ವಯಸ್ಸು 36.7 ಲಕ್ಷ ವರ್ಷ ಎಂದು 2015ರಲ್ಲಿ ಲೆಕ್ಕ ಹಾಕಿದ್ದು ಎಲುಬಿನಿಂದಲ್ಲ, ಸುತ್ತಲಿದ್ದ ಕಲ್ಲಿನ ಹರಳುಗಳಿಂದ. ಹಾಗೆಂದು ಬಿಡಿಸಲೇಬಾರದು ಎಂದು ನಾನು ಹೇಳುತ್ತಿಲ್ಲ. ಬಿಡಿಸದೆ ಇದ್ದಿದ್ದರೆ ಲಿಟಲ್ ಫುಟ್ ಹೇಗೆ ನಡೆಯುತ್ತಿತ್ತೆಂದು ತಿಳಿಯುತ್ತಿರಲಿಲ್ಲ. ಯಾವ ಪ್ರಶ್ನೆಗೆ ಉತ್ತರ ಬೇಕು ಎಂಬುದು ಮೊದಲು ಸ್ಪಷ್ಟವಾಗಲಿ, ಆ ಪ್ರಶ್ನೆಗೆ ಬೇಕಾದಷ್ಟೇ ಕಲ್ಲು ಹೋಗಲಿ.

ನಮ್ಮ ಹಲ್ಲಿನ ಮಟ್ಟಿಗೆ ಪ್ರಶ್ನೆ ಸಣ್ಣದು: ಎತ್ತಿನದೋ, ಕೋಣನದೋ, ಕಾಟಿಯದೋ? ಅದಕ್ಕೆ ಅಗಿಯುವ ಮೇಲ್ಮೈ ಪೂರ್ತಿ ಕಂಡರೆ ಸಾಕು, ಬೇರಿನ ತನಕ ಹೋಗಬೇಕಿಲ್ಲ. ಗೆಳೆಯರು ಸ್ವಲ್ಪ ಹೊತ್ತು ಗಟ್ಟಿಯನ್ನು ತಿರುಗಿಸಿ ನೋಡಿ, ಆಮ್ಲದ ಬಾಟಲಿಯನ್ನು ಕಪಾಟಿಗೆ ಸೇರಿಸಿದರು. ಎಲ್ಲ ಬದಿಗಳ ಫೋಟೋ ತೆಗೆದರು. ಮೇಲ್ಮೈಗೆ ಮಾತ್ರ ಸೂಜಿ ಹಿಡಿದರು. ಉದುರಿದ ಹುಡಿಯನ್ನು ಬ್ರಶ್ಶಿನಿಂದ ಗುಡಿಸಿ ಸಣ್ಣ ಶೀಶೆಗೆ ತುಂಬಿ, ಯಾವ ಬದಿಯಿಂದ ಬಂದದ್ದು ಎಂದು ಬರೆದು ಅಂಟಿಸಿದರು.