ಎರಡನೆಯ ಪಿಟೀಲು

ಬೇಸರ ಹುಟ್ಟಿಸುವಂತೆ ಮಾತನಾಡುವವರನ್ನು 'ಪಿಟೀಲು ಕುಯ್ಯುತ್ತಾರೆ' ಎನ್ನುವ ವಾಡಿಕೆ ಕನ್ನಡದಲ್ಲಿದೆ. ಆ ಮಾತನ್ನು ಮೊದಲು ಆಡಿದವರ ಪಕ್ಕದ ಮನೆಯಲ್ಲಿ ಪಿಟೀಲು ಕಲಿಯುವ ಮಗುವೊಂದು ಇದ್ದಿರಲೇಬೇಕು. ಮೊದಲ ಆರು ತಿಂಗಳು ಅಂಥ ಮನೆಯಲ್ಲಿ ಸಂಗೀತವಿರುವುದಿಲ್ಲ; ಸಹನೆ ಮಾತ್ರ ಇರುತ್ತದೆ. ಇನ್ನು ಅಂಥ ಮಕ್ಕಳು ಮೂವತ್ತು ನಲವತ್ತು ಮಂದಿ ಒಂದೇ ಕೋಣೆಯಲ್ಲಿ ಕುಳಿತು ನುಡಿಸತೊಡಗಿದರೆ ಹೇಗಿದ್ದೀತು? ಅಮೆರಿಕದ ಅನೇಕ ಸಾರ್ವಜನಿಕ ಶಾಲೆಗಳಲ್ಲಿ ಪ್ರತಿ ವರ್ಷ ಬೇಸಗೆಯ ರಜೆ ಮುಗಿಯುತ್ತಲೇ ಈ ಪ್ರಯೋಗ ನಡೆಯುತ್ತದೆ. ನಾಲ್ಕನೆಯ ಇಲ್ಲವೆ ಐದನೆಯ ತರಗತಿಗೆ ಬಂದ ಮಕ್ಕಳು ಶಾಲೆಯ ವಾದ್ಯವೃಂದಕ್ಕೆ ಹೆಸರು ಕೊಡುತ್ತಾರೆ. ತೋಳಿನ ಅಳತೆಗೆ ತಕ್ಕಂತೆ ಕಾಲು, ಅರ್ಧ, ಮುಕ್ಕಾಲು ಎಂಬ ಗಾತ್ರದ ಪಿಟೀಲುಗಳನ್ನು ಬಾಡಿಗೆಗೆ ತರುತ್ತಾರೆ. ಅದರ ಬೆನ್ನಲ್ಲೇ ಮನೆಗೆ ಒಂದು ಕಾಗದ ಬರುತ್ತದೆ. ವಿದ್ಯಾರ್ಥಿಯಿಂದ ಏನೇನನ್ನು ನಿರೀಕ್ಷಿಸಲಾಗಿದೆಯೆಂಬುದು ಅದರಲ್ಲಿ ಬರೆದಿರುತ್ತದೆ. ಮಗುವೂ ಹೆತ್ತವರೂ ಅದಕ್ಕೆ ಸಹಿ ಮಾಡಿ ಹಿಂದಿರುಗಿಸಬೇಕು.

ಮೊದಲ ಓದಿಗೆ ಆ ಕಾಗದ ನಗು ಬರಿಸುವಂತಿರುತ್ತದೆ. ಎಡಗೈ ಉಗುರುಗಳನ್ನು ಕತ್ತರಿಸಿಕೊಂಡು ಬರಬೇಕು. ನುಡಿಸಿದ ಮೇಲೆ ತಂತಿಗಳ ಮೇಲಿನ ರಾಳದ ಪುಡಿಯನ್ನು ಬಟ್ಟೆಯಿಂದ ಒರೆಸಬೇಕು, ಕಮಾನಿನ ಕೂದಲನ್ನು ಸಡಿಲಿಸಿಡಬೇಕು. ಇನ್ನೊಬ್ಬರ ವಾದ್ಯವನ್ನು ಮುಟ್ಟಬಾರದು. ಕುರ್ಚಿಗೆ ಒರಗದೆ ಅದರ ಮುಂತುದಿಯಲ್ಲಿ, ಎರಡು ಪಾದಗಳನ್ನೂ ನೆಲಕ್ಕೂರಿ ಕುಳಿತುಕೊಳ್ಳಬೇಕು. ಉಪಾಧ್ಯಾಯಿನಿ ಎದುರಿನ ಪೀಠವನ್ನು ಏರಿದೊಡನೆಯೇ ಎಲ್ಲ ಸದ್ದೂ ಅಡಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಪೆನ್ಸಿಲ್ ಇರಲೇಬೇಕು. ಸಂಗೀತಕ್ಕೂ ಪೆನ್ಸಿಲಿಗೂ ಏನು ಸಂಬಂಧವೆಂದು ಹೊಸ ತಾಯಿತಂದೆಯರು ಕೇಳುವುದುಂಟು. ಯಾವ ಸ್ವರಕ್ಕೆ ಕಮಾನು ಮೇಲಕ್ಕೆ ಹೋಗಬೇಕು, ಯಾವುದಕ್ಕೆ ಕೆಳಕ್ಕೆ ಬರಬೇಕು ಎಂಬುದನ್ನು ಅಭ್ಯಾಸದ ಹೊತ್ತಿನಲ್ಲಿ ತೀರ್ಮಾನಿಸುತ್ತಾರೆ. ಅದನ್ನು ಸ್ವರಲಿಪಿಯ ಹಾಳೆಯ ಮೇಲೆ ಆಗಲೇ ಗುರುತು ಹಾಕಿಕೊಳ್ಳಬೇಕು. ಒಂದು ಗುಂಪಿನ ಕಮಾನುಗಳೆಲ್ಲ ಗಾಳಿಗೆ ಬಾಗುವ ಪೈರಿನಂತೆ ಒಂದೇ ಕಡೆಗೆ ಸಾಗಬೇಕೇ ಹೊರತು, ಒಂದು ಮೇಲೇರುವಾಗ ಇನ್ನೊಂದು ಕೆಳಗಿಳಿಯಬಾರದು. ನೋಟಕ್ಕೆ ಚೆಂದವೆಂದಷ್ಟೇ ಅಲ್ಲ. ಕಮಾನಿನ ದಿಕ್ಕು ಬದಲಾದರೆ ಸ್ವರದ ಒತ್ತೂ ಬದಲಾಗುತ್ತದೆ.

ನ್ಯೂಜೆರ್ಸಿಯಲ್ಲಿಯೋ ಕ್ಯಾಲಿಫೋರ್ನಿಯಾದಲ್ಲಿಯೋ ನೆಲೆಸಿದ ಕನ್ನಡ ಮನೆಗಳಿಗೆ ಪಿಟೀಲು ಅಪರಿಚಿತವೇನಲ್ಲ. ವಾರಾಂತ್ಯದಲ್ಲಿ ಕರ್ನಾಟಕ ಸಂಗೀತದ ಪಾಠಕ್ಕೆ ಹೋಗುವ ಮಕ್ಕಳು ಅಲ್ಲಿಯೂ ಇದ್ದಾರೆ. ತೊಡಕು ಹುಟ್ಟುವುದು ಅಲ್ಲಿಯೇ. ಗುರುಗಳ ಮನೆಯಲ್ಲಿ ಚಕ್ಕಂಬಕ್ಕಳ ಹಾಕಿ ನೆಲದ ಮೇಲೆ ಕುಳಿತು, ಪಿಟೀಲಿನ ತುದಿಯ ಸುರುಳಿಯನ್ನು ಬಲಪಾದದ ಮೇಲಿರಿಸಿ ನುಡಿಸಿದ ಮಗು, ಶಾಲೆಯಲ್ಲಿ ಅದೇ ವಾದ್ಯವನ್ನು ಗದ್ದಕ್ಕೆ ಒತ್ತಿ ಎತ್ತಿ ಹಿಡಿಯಬೇಕು. ಅಲ್ಲಿ ತಂತಿಗಳು ಷಡ್ಜ ಪಂಚಮ, ಷಡ್ಜ ಪಂಚಮ ಎಂದು ಶ್ರುತಿಗೊಂಡಿರುತ್ತವೆ; ಇಲ್ಲಿ ನಾಲ್ಕಕ್ಕೂ ನಾಲ್ಕು ಬೇರೆ ಸ್ವರಗಳು. ಅಲ್ಲಿ ಹಾಡುವವರ ಕಂಠಕ್ಕೆ ತಕ್ಕಂತೆ ಶ್ರುತಿ ಏರಬಹುದು, ಇಳಿಯಬಹುದು. ಇಲ್ಲಿ ಸೆಕೆಂಡಿಗೆ 440 ಕಂಪನಗಳ ಒಂದು ಸ್ವರವನ್ನು ಹಿಡಿದು ಎಲ್ಲರೂ ತಮ್ಮ ಬಿರಡೆಗಳನ್ನು ತಿರುಗಿಸಿಕೊಳ್ಳಬೇಕು. ಇವೆಲ್ಲ ಕೈಗೆ ಬರುವ ಸಂಗತಿಗಳೇ. ಮನಸ್ಸಿಗೆ ಒಗ್ಗುವುದು ಇನ್ನೊಂದು ಮಾತು. ಮೈಸೂರಿನ ಟಿ. ಚೌಡಯ್ಯನವರು ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ನಾಲ್ಕು ತಂತಿಗಳ ಪಿಟೀಲನ್ನು ಏಳು ತಂತಿಗಳದನ್ನಾಗಿ ಮಾಡಿಕೊಂಡರು. ಆ ಪರಂಪರೆಯಲ್ಲಿ ಪಿಟೀಲು ಪಕ್ಕವಾದ್ಯವಾಗಿ ನೆರಳಿನಂತೆ ಹಿಂಬಾಲಿಸಿದರೂ, ಆಲಾಪನೆಯಲ್ಲಿ ತನ್ನ ಸರದಿ ಬಂದಾಗ ತನ್ನ ಮಾತನ್ನು ತಾನೇ ಆಡುತ್ತದೆ. ಶಾಲೆಯ ವಾದ್ಯವೃಂದದಲ್ಲಿ ಮಾತ್ರ ಹತ್ತು ಪಿಟೀಲುಗಳು ಸೇರಿ ಒಂದೇ ಪಿಟೀಲಾಗಬೇಕು.

ಈ ಪದ್ಧತಿ ತೀರ ಹಳೆಯದೂ ಅಲ್ಲ. ಮಕ್ಕಳನ್ನು ಒಟ್ಟಿಗೆ ಕೂರಿಸಿ ಪಿಟೀಲು ಕಲಿಸುವ ಸಾಮೂಹಿಕ ತರಗತಿಗಳು 19ನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ಮೇಡ್‌ಸ್ಟನ್ ಎಂಬ ಊರಿನಲ್ಲಿ ಹೆಸರಾದವು. ಅಲ್ಲಿನ ಕ್ರಮವನ್ನು ಕಂಡು ಬಂದವರಿಂದ ಬಾಸ್ಟನ್ನಿನ ಶಾಲೆಗಳಿಗೆ ಹಬ್ಬಿತು. 1926ರಲ್ಲಿ ಜೋಸೆಫ್ ಮ್ಯಾಡಿ ಎಂಬ ಸಂಗೀತ ಶಿಕ್ಷಕರು ಅಮೆರಿಕದ ನಾನಾ ಭಾಗಗಳ ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಡೆಟ್ರಾಯಿಟ್ ನಗರದಲ್ಲಿ ಕೂಡಿಸಿ ಒಂದು ದೊಡ್ಡ ವಾದ್ಯವೃಂದವನ್ನು ನುಡಿಸಿದರು. ಎರಡು ವರ್ಷಗಳ ತರುವಾಯ ಮಿಷಿಗನ್ ರಾಜ್ಯದ ಇಂಟರ್‌ಲಾಕನ್ನಿನಲ್ಲಿ ಬೇಸಗೆಯ ಶಿಬಿರವನ್ನೂ ತೆರೆದರು.

ಕಾಗದದಲ್ಲಿ ಹೆತ್ತವರನ್ನು ಹೆಚ್ಚು ಕಾಡುವ ನಿಯಮ ಹಾಜರಿಯದು. ಕಚೇರಿಯ ದಿನಾಂಕಗಳನ್ನು ವರ್ಷದ ಆರಂಭದಲ್ಲಿಯೇ ತಿಳಿಸಿರುತ್ತಾರೆ. ಆ ದಿನ ಕಾಯಿಲೆಯ ಹೊರತು ಬೇರೆ ನೆಪ ನಡೆಯದು. ಗಣಿತದ ಪರೀಕ್ಷೆ ತಪ್ಪಿದರೆ ಮರುದಿನ ಬರೆಯಬಹುದು. ಕಚೇರಿ ತಪ್ಪಿದರೆ ಮರುದಿನ ಯಾರೊಡನೆ ನುಡಿಸುವುದು? ಅಂದೇ ಕನ್ನಡ ಕೂಟದ ಸಮಾರಂಭವಿದ್ದು, ಅಲ್ಲಿಯೂ ಮಗಳ ನೃತ್ಯವಿದ್ದರೆ ಮನೆಯಲ್ಲಿ ಸಣ್ಣ ಮಹಾಭಾರತವೇ ನಡೆಯುತ್ತದೆ. ನಲವತ್ತು ಮಂದಿಯಲ್ಲಿ ಒಬ್ಬಳಿಲ್ಲದಿದ್ದರೆ ಏನು ಮುಳುಗಿಹೋಯಿತು ಎಂದು ತಂದೆ ಕೇಳುವುದು ಸಹಜ. ಆದರೆ ಇಬ್ಬರಿಗೆ ಒಂದು ಸ್ಟ್ಯಾಂಡು, ಒಂದೇ ಹಾಳೆ. ಸಭಿಕರ ಕಡೆಗೆ ಕುಳಿತವರು ನುಡಿಸುತ್ತಲೇ ಇರಬೇಕು, ಒಳಬದಿಯವರು ಪುಟ ತಿರುವಬೇಕು. ತಿರುವುವವಳು ಬಾರದಿದ್ದರೆ ಪುಟದ ಕೊನೆಯಲ್ಲಿ ಅವಳ ಜೊತೆಗಾತಿಯ ಪಿಟೀಲೂ ನಿಂತುಹೋಗುತ್ತದೆ.

ಇನ್ನೊಂದು ನಿಯಮವಿದೆ. ಮನೆಯಲ್ಲಿ ದಿನಕ್ಕೆಷ್ಟು ನಿಮಿಷ ಅಭ್ಯಾಸ ನಡೆಯಿತೆಂದು ಬರೆದು ಹೆತ್ತವರ ಸಹಿ ಹಾಕಿಸಬೇಕು. ಭಾನುವಾರ ರಾತ್ರಿ ಊಟದ ಮೇಜಿನ ಬಳಿ ಐದು ದಿನಗಳ ಅಭ್ಯಾಸ ಒಂದೇ ಸಹಿಯಲ್ಲಿ ಮುಗಿದುಹೋಗುವ ಮನೆಗಳೂ ಇವೆ. ಇದಕ್ಕೆ ಮಗುವಿಗಿಂತ ಸಹಿ ಮಾಡಿದವರೇ ಹೊಣೆಯೆನ್ನಬೇಕು. ಹೀಗೆ ಅಭ್ಯಾಸವಿಲ್ಲದೆ ಬಂದ ಮಗು ಒಂದು ಉಪಾಯವನ್ನು ಬಹು ಬೇಗ ಕಂಡುಕೊಳ್ಳುತ್ತದೆ: ಕಮಾನನ್ನು ತಂತಿಯಿಂದ ಕೂದಲೆಳೆಯಷ್ಟು ಮೇಲೆತ್ತಿ, ಎಲ್ಲರೊಡನೆ ಆಡಿಸುವುದು. ನೋಡುವವರಿಗೆ ನುಡಿಸಿದಂತೆಯೇ ಕಾಣುತ್ತದೆ. ಉಪಾಧ್ಯಾಯಿನಿಗೆ ಅದು ತಿಳಿಯದೆಂದೇನಿಲ್ಲ; ರಾಳ ಹಚ್ಚಿದ ಕಮಾನು ತಂತಿಯನ್ನು ಹಿಡಿದು ಎಳೆಯುವಾಗ ತೋಳಿಗೆ ಬರುವ ಬಿಗಿ ನಟನೆಯಲ್ಲಿ ಬರುವುದಿಲ್ಲ.

ಸೋಮಾರಿತನಕ್ಕಿಂತ ಹೆಚ್ಚಾಗಿ ಭಯವೇ ಇದನ್ನು ಕಲಿಸುತ್ತದೆ. ತಪ್ಪು ಸ್ವರ ಒಂದೇ ಆಗಿ ಕೇಳಿಬಂದರೆ ನಲವತ್ತು ಮುಖಗಳು ತಿರುಗಿ ನೋಡುತ್ತವೆ. ಅದಕ್ಕಿಂತ ಭಯಂಕರವಾದದ್ದು ವಿರಾಮ. ಎಂಟು ಆವರ್ತ ಸುಮ್ಮನಿದ್ದು ಒಂಬತ್ತನೆಯದಕ್ಕೆ ಸರಿಯಾಗಿ ನುಡಿಸಬೇಕಾದಾಗ, ಎಣಿಕೆಯಲ್ಲಿ ಒಂದು ಜಾರಿದರೂ ಸಾಕು, ನಿಶ್ಶಬ್ದದ ನಡುವೆ ಒಂಟಿ ಪಿಟೀಲು ಕಿರುಚಿಬಿಡುತ್ತದೆ. ಒಳ್ಳೆಯ ಉಪಾಧ್ಯಾಯರು ಅದಕ್ಕೆ ಗದರುವುದಿಲ್ಲ. ನಟಿಸಿದವನಿಗಿಂತ ತಪ್ಪಾಗಿ ನುಡಿಸಿದವನೇ ಅವರಿಗೆ ಬೇಕಾದವನು. ಕೇಳಿಸಿದ ತಪ್ಪನ್ನು ತಿದ್ದಬಹುದು. ಎಲ್ಲರಿಗಿಂತ ಗಟ್ಟಿಯಾಗಿ ಕೇಳಿಸಬೇಕೆಂಬ ಹಟವೂ ಕೂಡದು, ಎಲ್ಲರ ಹಿಂದೆ ಅಡಗಬೇಕೆಂಬ ಆಸೆಯೂ ಕೂಡದು. ಹತ್ತು ವರ್ಷದ ಮಗುವಿನಿಂದ ಇಷ್ಟನ್ನು ಬಯಸುವುದು ಸಣ್ಣ ಮಾತಲ್ಲ. ದೊಡ್ಡವರ ಸಭೆ ಸಮಿತಿಗಳಲ್ಲಿ ಎಷ್ಟು ಮಂದಿಗೆ ಇದು ಸಾಧ್ಯವಾಗಿದೆ!

ಹೀಗಿರುವಾಗ ಅನೇಕ ಶಾಲೆಗಳು ಪರೀಕ್ಷೆ ನಡೆಸಿ ಮೊದಲನೆಯ ಕುರ್ಚಿ, ಎರಡನೆಯ ಕುರ್ಚಿ ಎಂದು ಮಕ್ಕಳನ್ನು ಸಾಲಾಗಿ ಕೂರಿಸುವುದು ವಿಚಿತ್ರವೇ ಸರಿ. ಒಂದಾಗಿರೆಂದು ಹೇಳುತ್ತಲೇ ಅಂಕಿ ಕೊಟ್ಟಂತಾಯಿತು. ಕುರ್ಚಿಗಳನ್ನು ಆಗಾಗ ಅದಲುಬದಲು ಮಾಡುವ ಉಪಾಧ್ಯಾಯರು ಹೆಚ್ಚು ವಿವೇಕಿಗಳು. ಮನೆಯಲ್ಲಿ ಮಾತ್ರ ಕೇಳುವ ಪ್ರಶ್ನೆ ಒಂದೇ: "ಎಷ್ಟನೆಯ ಕುರ್ಚಿ ಬಂತೋ?" ಎರಡನೆಯ ಪಿಟೀಲುಗಳ ಗುಂಪು ಎಂದರಂತೂ ತಾಯಿಯ ಮುಖ ಬಾಡುತ್ತದೆ. ಇಂಗ್ಲಿಷಿನಲ್ಲಿಯೂ ಎರಡನೆಯ ಪಿಟೀಲು ನುಡಿಸುವುದೆಂದರೆ ಇನ್ನೊಬ್ಬರ ಕೈಕೆಳಗಿರುವುದೆಂದೇ ಅರ್ಥ. ಮೊದಲನೆಯ ಪಿಟೀಲುಗಳು ಹೆಚ್ಚಾಗಿ ರಾಗವನ್ನು ಹಾಡುತ್ತವೆ. ಎರಡನೆಯವು ಅದರ ಕೆಳಗೆ ಬೇರೊಂದು ಎಳೆಯನ್ನು ಹಿಡಿದಿರುತ್ತವೆ. ಹಾಡುತ್ತಿರುವವರ ಪಕ್ಕದಲ್ಲಿಯೇ ಕುಳಿತು, ಕಿವಿಯನ್ನು ಅತ್ತ ಜಾರಗೊಡದೆ ತನ್ನ ಎಳೆಯನ್ನು ತಪ್ಪದೆ ನಡೆಸಿಕೊಂಡು ಹೋಗುವುದು ಸುಲಭವೆಂದು ಹೇಳುವವರು ಒಮ್ಮೆ ಪ್ರಯತ್ನಿಸಿ ನೋಡಬೇಕು.

ಚಳಿಗಾಲದ ಕಚೇರಿಯ ಮುನ್ನಾದಿನ ಕಪ್ಪು ಬೂಟುಗಳು ಚಿಕ್ಕವಾಗಿರುವುದು ಪತ್ತೆಯಾಗುತ್ತದೆ. ರಾತ್ರಿ ಎಂಟು ಗಂಟೆಗೆ ಅಂಗಡಿಗೆ ಓಟ. ಮರುದಿನ ದೀಪಗಳು ಮಂಕಾಗುತ್ತಲೇ ಪ್ರತಿಯೊಬ್ಬ ತಂದೆಯ ಕೈಯಲ್ಲಿಯೂ ಫೋನು ಮೇಲೇಳುತ್ತದೆ. ನಲವತ್ತು ಮಕ್ಕಳ ಕಚೇರಿಯನ್ನು ಒಂದೊಂದು ಫೋನೂ ಒಂದೊಂದೇ ಮಗುವಿನ ಕಚೇರಿಯಾಗಿ ಹಿಡಿದಿಡುತ್ತದೆ. ಮೈಸೂರಿನಿಂದ ಮಗನ ಮನೆಗೆ ಹೋಗಿದ್ದ ಅಜ್ಜಿಯೊಬ್ಬರು ಅಂಥ ಕಚೇರಿಯನ್ನು ಕೊನೆಯವರೆಗೂ ಗಮನವಿಟ್ಟು ಕೇಳಿದರು. ಮನೆಗೆ ಹೋಗುವಾಗ ಕಾರಿನಲ್ಲಿ ಮೊಮ್ಮಗಳಿಗೆ, "ಎಲ್ಲಾ ಚೆನ್ನಾಗಿತ್ತು ಪುಟ್ಟಿ. ಆದರೆ ನಿನ್ನ ಪಿಟೀಲು ಯಾವುದೂಂತ ನನಗೆ ಗೊತ್ತಾಗಲೇ ಇಲ್ಲವಲ್ಲ!" ಎಂದರು.

"ಗೊತ್ತಾಗಬಾರದು ಅಜ್ಜಿ," ಎಂದಳು ಹುಡುಗಿ. "ಗೊತ್ತಾಗಿದ್ದರೆ ನಾನು ಸರಿಯಾಗಿ ನುಡಿಸಿಲ್ಲ ಅಂತ."

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದರೆ ಇನ್ನೊಂದು ಸಲ ಕೇಳಬೇಕು," ಎಂದರು.

ಹೊಸಬರ ಪಿಟೀಲಿನ ಕತ್ತಿನ ಮೇಲೆ ಬೆರಳಿಡಬೇಕಾದ ಎಡೆಗಳಲ್ಲಿ ಉಪಾಧ್ಯಾಯರು ಬಣ್ಣದ ಸಣ್ಣ ಪಟ್ಟಿಗಳನ್ನು ಅಂಟಿಸಿರುತ್ತಾರೆ. ಕಿವಿ ಪಳಗಿದ ಮೇಲೆ ಒಂದು ದಿನ, ಯಾವ ಸಮಾರಂಭವೂ ಇಲ್ಲದೆ, ತರಗತಿ ಮುಗಿದ ಹೊತ್ತಿನಲ್ಲಿ ಅವನ್ನು ಒಂದೊಂದಾಗಿ ಕಿತ್ತು ತೆಗೆಯುತ್ತಾರೆ. ಅಂಟಿನ ಜಿಗುಟು ಕೆಲವು ದಿನ ಬೆರಳಿಗೆ ತಾಗುತ್ತಿರುತ್ತದೆ. ಮಗು ಅಲ್ಲಿಯೇ ಬೆರಳಿಟ್ಟು ನುಡಿಸುತ್ತದೆ.